ಪಾರ್ಕಿಂಗ್ ಬೀಮಿನಿಂದ ಕಾಂಕ್ರೀಟ್ ಕಳಚಿ ಬಿತ್ತು, ಕಂಬಿ ಕಾಣುತ್ತಿದೆ. ಮೊದಲು ಯಾರನ್ನು ಕರೆಯಬೇಕು?

ಮೂರನೇ ಮಹಡಿ:
ಎಲ್ಲರಿಗೂ ನಮಸ್ಕಾರ. ನಮ್ಮದು 34 ವರ್ಷದ ಕಟ್ಟಡ. ಕೆಳಗೆ ಪಾರ್ಕಿಂಗ್ ಮತ್ತು ಒಂದು ಅಂಗಡಿ, ಮೇಲೆ ನಾಲ್ಕು ಮಹಡಿ, 16 ಮನೆ. ಹೋದ ವರ್ಷದಿಂದ ಮಾಲೀಕರ ಸಂಘಕ್ಕೆ ನಾನೇ ಕಾರ್ಯದರ್ಶಿ.

ಸೋಮವಾರ ಬೆಳಿಗ್ಗೆ ಪಾರ್ಕಿಂಗ್‌ನ ಒಂದು ಬೀಮಿನ ಅಡಿಯಿಂದ ಊಟದ ತಟ್ಟೆಯಷ್ಟು ಅಗಲದ ತುಂಡು ಬಿತ್ತು. ಕೆಳಗಿದ್ದ ಸ್ಕೂಟರಿನ ಸೀಟು ಹರಿದಿದೆ. ಅದಕ್ಕೆ ಹತ್ತು ನಿಮಿಷ ಮೊದಲು ಮಕ್ಕಳು ಅದೇ ಜಾಗದಲ್ಲಿ ಶಾಲೆ ವ್ಯಾನಿಗೆ ಕಾಯುತ್ತಾ ನಿಂತಿದ್ದರು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಬಿದ್ದ ಜಾಗದಲ್ಲಿ ಮೂರು ಕಂಬಿ ಕಾಣುತ್ತಿವೆ. ಮೂರೂ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿವೆ. ಅದೇ ಬೀಮಿನ ಉದ್ದಕ್ಕೂ ಕೆಳಗಡೆ ಒಂದು ಬಿರುಕಿದೆ.

ರಾತ್ರಿ ಸಭೆ ಕರೆದೆ. ಕೆಲವರು, ಮೇಸ್ತ್ರಿ ಕರೆಸಿ ಗಾರೆ ಹಾಕಿಸಿ, ಬಣ್ಣ ಬಳಿಸಿ, ಮುಗಿಯಿತು ಅಂದರು. ಇಬ್ಬರು ಮಾತ್ರ ಪೂರ್ತಿ ಕಟ್ಟಡ ಪರೀಕ್ಷೆ ಮಾಡಿಸೋಣ ಅಂದರು. ಇನ್ನೊಬ್ಬರು, ಪರೀಕ್ಷೆ ಮಾಡಿಸಿದರೆ ವರದಿ ಪಾಲಿಕೆ ಕೈಗೆ ಹೋಗುತ್ತದೆ, ನೋಟಿಸ್ ಬರುತ್ತದೆ, ಸುಮ್ನೆ ಯಾಕೆ ಮೈಮೇಲೆ ಎಳೆದುಕೊಳ್ಳುವುದು ಅಂದರು. ಏನೂ ತೀರ್ಮಾನ ಆಗಲಿಲ್ಲ. ಗೊತ್ತಿರುವವರು ದಯವಿಟ್ಟು ದಾರಿ ಹೇಳಿ.

ಕಂಬಿ ಕಾಂಕ್ರೀಟ್:
ನಾನು ಸ್ಟ್ರಕ್ಚರಲ್ ಇಂಜಿನಿಯರ್. ಹಳೆ ಕಟ್ಟಡಗಳ ಪರೀಕ್ಷೆಯನ್ನೇ ಜಾಸ್ತಿ ಮಾಡುತ್ತೇನೆ.

ಮೇಡಂ, ಸಭೆ ಆಮೇಲೆ. ಆ ಬೀಮಿನ ಕೆಳಗಿನ ಗಾಡಿಗಳನ್ನು ಇವತ್ತೇ ತೆಗೆಸಿ. ಬೀಮಿನ ಎರಡೂ ಬದಿಗೆ ಜಾಗ ಬಿಟ್ಟು ಹಗ್ಗ ಕಟ್ಟಿ, ಮಕ್ಕಳು ನಿಲ್ಲುವ ಜಾಗ ಬದಲಿಸಿ. ಅಕ್ಕಪಕ್ಕದ ಬೀಮುಗಳನ್ನು ಉದ್ದನೆಯ ಕೋಲಿನಿಂದ ಮೆಲ್ಲಗೆ ತಟ್ಟಿಸಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಅದರ ಕೆಳಗೂ ಯಾರೂ ನಿಲ್ಲಬಾರದು. ತಟ್ಟುವವರು ತಲೆಗೆ ಹೆಲ್ಮೆಟ್ ಹಾಕಿ, ಪಕ್ಕದಲ್ಲಿ ನಿಂತು ತಟ್ಟಲಿ. ಪಕ್ಕದಲ್ಲೊಂದು ಸ್ಕೇಲು ಇಟ್ಟು ಎಲ್ಲದರ ಫೋಟೊ ತೆಗೆಯಿರಿ. ದಿನಾಂಕ ಬರೆದಿಡಿ.

ಗಾರೆ ಮಾತ್ರ ಹಾಕಿಸಬೇಡಿ. ಈಗ ಕಾಣುತ್ತಿರುವುದು ಮುಚ್ಚಿಹೋದರೆ ಇಂಜಿನಿಯರ್ ಬಂದಾಗ ನೋಡಲು ಏನೂ ಉಳಿಯುವುದಿಲ್ಲ.

ಹೀಗೆ ಯಾಕಾಗುತ್ತದೆ ಅಂದರೆ, ಹೊಸ ಕಾಂಕ್ರೀಟ್ ಕ್ಷಾರ ಗುಣದ್ದು, ಪಿಎಚ್ 12ರಿಂದ 13. ಆ ಕ್ಷಾರ ಇರುವ ತನಕ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಒಳಗೆ ಇಳಿಯುತ್ತದೆ, ಕ್ಷಾರ ಕಡಿಮೆ ಆಗುತ್ತದೆ. ಅದು ಕಂಬಿ ಮುಟ್ಟಿದ ಮೇಲೆ ಜೊತೆಗೆ ನೀರಿನ ತೇವವೂ ಸಿಕ್ಕರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಆ ಜಾಗಕ್ಕಾಗಿ ಒಳಗಿನಿಂದ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ನಿಮ್ಮ ಸ್ಕೂಟರ್ ಮೇಲೆ ಬಿದ್ದದ್ದು ಹಾಗೆ ತಳ್ಳಿಸಿಕೊಂಡ ತುಂಡು.

ಬೀಮಿನ ಉದ್ದಕ್ಕೆ, ಕಂಬಿಯ ಸಾಲಿನಲ್ಲೇ ಇರುವ ಬಿರುಕು ಬಹುತೇಕ ತುಕ್ಕಿನದು. ಬೀಮು ಪಿಲ್ಲರನ್ನು ಸೇರುವ ಹತ್ತಿರ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಬಿರುಕು ಇದೆಯಾ? ಪಿಲ್ಲರುಗಳ ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಗೆರೆ ಇದೆಯಾ? ಈ ಎರಡಕ್ಕೆ ಬೇಗ ಉತ್ತರ ಕೊಡಿ. ಓರೆ ಬಿರುಕು ಇದ್ದರೆ ನಾಳೆಯ ತನಕವೂ ಕಾಯಬಾರದು.

ಮೂರನೇ ಮಹಡಿ:
ಓರೆ ಬಿರುಕು ಎಲ್ಲೂ ಕಾಣಲಿಲ್ಲ. ಸಂಪಿನ ಪಕ್ಕದ ಎರಡು ಪಿಲ್ಲರುಗಳಲ್ಲಿ ಮೂಲೆಗುಂಟ ಗೆರೆ ಇದೆ. ಒಂದರಲ್ಲಿ ಬುಡದಿಂದ ಮೊಣಕಾಲಿನ ಎತ್ತರದವರೆಗೆ ಕಂದು ನೀರು ಇಳಿದ ಕಲೆ ಇದೆ. ಹಗ್ಗ ಕಟ್ಟಿದ್ದೇನೆ. ಗಾಡಿ ತೆಗೆಯಲು ಇಬ್ಬರು ಒಪ್ಪಲಿಲ್ಲ. ಆ ಮಕ್ಕಳ ಅಮ್ಮಂದಿರನ್ನು ಕರೆದುಕೊಂಡು ಹೋಗಿ ಕೇಳಿದೆ, ತೆಗೆದರು.

ಗಾರೆ ಕೈ:
ಅಕ್ಕ, ನಾನು ಮೇಸ್ತ್ರಿ ಕೆಲಸ ಮಾಡುತ್ತಾ ಬಂದವನು, ಈಗ ದುರಸ್ತಿ ಕೆಲಸ ಗುತ್ತಿಗೆ ಹಿಡಿಯುತ್ತೇನೆ. ಮನಸ್ಸು ಬಿಚ್ಚಿ ಒಂದು ಮಾತು ಹೇಳುತ್ತೇನೆ. ಮೊದಲೆಲ್ಲ ಮಾಲೀಕರು ಮುಚ್ಚಿಬಿಡು ಅಂದರೆ ನಾನು ಮುಚ್ಚುತ್ತಿದ್ದೆ. ತುಕ್ಕಿನ ಮೇಲೇ ಸಿಮೆಂಟು ಗಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗ ಮತ್ತೆ ಬೀಳುತ್ತಿತ್ತು, ಈ ಸಲ ಇನ್ನೂ ದೊಡ್ಡದಾಗಿ. ಒಂದು ಮನೆಯಲ್ಲಿ ಹಾಗೆ ಬಿದ್ದದ್ದು ಒಬ್ಬ ಅಜ್ಜಿಯ ಭುಜಕ್ಕೆ ತಗುಲಿತು. ಅವತ್ತಿನಿಂದ ಇಂಜಿನಿಯರ್ ನೋಡದೆ ನಾನು ಕಂಬಿ ಕಾಣುವ ಕೆಲಸ ಮುಟ್ಟಿಲ್ಲ.

ಸರಿಯಾದ ದುರಸ್ತಿ ಹೇಗಿರುತ್ತದೆ ಅಂತ ತಿಳಿದುಕೊಂಡಿರಿ, ಯಾರು ಬಂದರೂ ನೀವೇ ಪ್ರಶ್ನೆ ಕೇಳಬಹುದು. ಮೊದಲು ಬೀಮಿಗೆ ಜಾಕಿ ಕೊಟ್ಟು ಭಾರ ಇಳಿಸಬೇಕು. ಆಮೇಲೆ ಸಡಿಲ ಕಾಂಕ್ರೀಟನ್ನು ಕೆತ್ತಬೇಕು. ಕಂಬಿಯ ಮುಂದೆ ಮಾತ್ರ ಅಲ್ಲ, ಹಿಂದೆ ಬೆರಳು ಹೋಗುವಷ್ಟು ಕೆತ್ತಬೇಕು. ತಂತಿ ಬ್ರಷ್ಷಿನಿಂದಲೋ ಮರಳು ಹೊಡೆಸಿಯೋ ತುಕ್ಕನ್ನು ಪೂರಾ ತೆಗೆದು, ಉಳಿದ ಕಂಬಿಯ ದಪ್ಪ ಅಳೆಯಬೇಕು. ಸವೆದಿದ್ದರೆ ಇಂಜಿನಿಯರ್ ಹೇಳಿದಷ್ಟು ಹೊಸ ಕಂಬಿ ಸೇರಿಸಬೇಕು. ಆಮೇಲೆ ತುಕ್ಕು ತಡೆಯುವ ಬಣ್ಣ, ಹಳೆಯದು ಹೊಸದು ಕಚ್ಚಿಕೊಳ್ಳುವ ಪದರ, ಅದರ ಮೇಲೆ ಪಾಲಿಮರ್ ಗಾರೆ ಅಥವಾ ಮೈಕ್ರೋ ಕಾಂಕ್ರೀಟ್. ಕೊನೆಗೆ ನೀರು ಉಣಿಸುವುದು. ಕೆತ್ತದೆ, ಅಳೆಯದೆ, ಬೆಳಿಗ್ಗೆ ಶುರು ಮಾಡಿ ಸಂಜೆಗೆ ಮುಗಿಸುತ್ತೇನೆ ಅನ್ನುವವರನ್ನು ಒಳಗೆ ಬಿಡಬೇಡಿ.

ಇನ್ನೊಂದು. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಯಾವ ದುರಸ್ತಿಯೂ ನಿಲ್ಲುವುದಿಲ್ಲ. ಆ ಬೀಮಿನ ಮೇಲೆ ಮೊದಲ ಮಹಡಿಯಲ್ಲಿ ಯಾರದಾದರೂ ಬಚ್ಚಲು ಇರಬೇಕು, ನೋಡಿ.

ಮೂರನೇ ಮಹಡಿ:
ಹೌದು! ಸರಿಯಾಗಿ ಅದರ ಮೇಲೇ ಬಚ್ಚಲು. ಎಷ್ಟೋ ವರ್ಷದಿಂದ ಸೋರುತ್ತಿದೆ ಅಂತ ಆ ಮನೆಯವರು ಈಗ ಒಪ್ಪಿಕೊಂಡರು.

ಕಾಗದ ಪತ್ರ:
ನಾನು ಪಾಲಿಕೆಯೊಂದರ ಕಟ್ಟಡ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೋಟಿಸಿನ ಭಯದ ಬಗ್ಗೆ ಬರೆಯಬೇಕು ಅನಿಸಿತು.

ಊರೂರಿಗೆ ನಿಯಮ ಬೇರೆ. ನಿಮ್ಮ ಕಟ್ಟಡಕ್ಕೆ ಯಾವುದು ಅನ್ವಯ ಅಂತ ನಿಮ್ಮ ಪಾಲಿಕೆಯಲ್ಲೇ ಬರವಣಿಗೆಯಲ್ಲಿ ಕೇಳಿ. ಆದರೆ ಹಲವು ನಗರಗಳಲ್ಲಿ ಇಂಥ ಪರೀಕ್ಷೆ ಈಗ ಮಾಲೀಕರ ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಹಾಂಗ್‌ಕಾಂಗ್‌ನಲ್ಲಿ 2012ರಿಂದ 30 ವರ್ಷದ ಕಟ್ಟಡಗಳಿಗೆ ಕಡ್ಡಾಯ ತಪಾಸಣೆಯ ಯೋಜನೆ ಇದೆ. ಸಿಂಗಾಪುರದಲ್ಲಿ ವಾಸದ ಕಟ್ಟಡಗಳಿಗೆ 10 ವರ್ಷಕ್ಕೊಮ್ಮೆ, ಬೇರೆಯವಕ್ಕೆ 5 ವರ್ಷಕ್ಕೊಮ್ಮೆ.

ಇವು ಯಾವುವೂ ಸುಮ್ಮನೆ ಬಂದ ನಿಯಮಗಳಲ್ಲ. ಸಿಂಗಾಪುರದಲ್ಲಿ 1986ರ ಮಾರ್ಚ್ 15ರಂದು ಹೋಟೆಲ್ ನ್ಯೂ ವರ್ಲ್ಡ್ ಎಂಬ ಆರು ಮಹಡಿ ಕಟ್ಟಡ ಕುಸಿದು 33 ಜನ ಸತ್ತರು. ವಿನ್ಯಾಸ ಮಾಡುವಾಗ ಕಟ್ಟಡದ ಸ್ವಂತ ತೂಕವನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ ಅಂತ ತನಿಖೆಯಲ್ಲಿ ತಿಳಿಯಿತು. ನ್ಯೂಯಾರ್ಕಿನಲ್ಲಿ 1979ರಲ್ಲಿ ಕಟ್ಟಡದ ಮುಂಭಾಗದಿಂದ ಬಿದ್ದ ತುಂಡು ತಗುಲಿ ದಾರಿಯಲ್ಲಿ ಹೋಗುತ್ತಿದ್ದ ಕಾಲೇಜು ವಿದ್ಯಾರ್ಥಿನಿ ಸತ್ತಳು. ಮರುವರ್ಷವೇ ಕಾನೂನು ಬಂತು. ಈಗ ಅಲ್ಲಿ ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಹೊರಗೋಡೆಯನ್ನು 5 ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

ನೋಟಿಸ್ ಬಂದರೆ ಏನಾಗುತ್ತದೆ? ನಾನು ನೋಡಿದ ಮಟ್ಟಿಗೆ, ಇಂಜಿನಿಯರ್ ವರದಿ, ಕೆಲಸದ ವೇಳಾಪಟ್ಟಿ, ಸಂಘದ ತೀರ್ಮಾನದ ಪ್ರತಿ ಹಿಡಿದುಕೊಂಡು ತಾವಾಗಿ ಬಂದ ಮಾಲೀಕರಿಗೆ ಸಮಯ ಸಿಕ್ಕಿದೆ. ಏನೂ ಮಾಡದೆ ಕೂತು, ಯಾರಿಗಾದರೂ ಪೆಟ್ಟಾದ ಮೇಲೆ ಬಂದವರಿಗೆ ಸಿಕ್ಕಿದ್ದು ಪೊಲೀಸ್ ಕೇಸು. ಗೊತ್ತಿರಲಿಲ್ಲ ಅನ್ನುವ ಮಾತು ಆಗ ನಿಲ್ಲುವುದಿಲ್ಲ. ಬಿದ್ದ ತುಂಡನ್ನು ನೀವೆಲ್ಲ ನೋಡಿದ್ದೀರಲ್ಲ.

ಕಾಗದಗಳನ್ನೂ ಒಂದು ಕಡೆ ಸೇರಿಸಿ. ಮಂಜೂರಾದ ನಕ್ಷೆ, ಸ್ಟ್ರಕ್ಚರಲ್ ನಕ್ಷೆ ಇದ್ದರೆ ಅದು, ಸ್ವಾಧೀನ ಪತ್ರ, ಲಿಫ್ಟು ಮತ್ತು ಬೆಂಕಿ ಸುರಕ್ಷತೆಯ ಪತ್ರಗಳು, ಹಿಂದಿನ ದುರಸ್ತಿಯ ಬಿಲ್ಲುಗಳು. ಹಳೆ ಪದಾಧಿಕಾರಿಗಳ ಮನೆಯ ಬೀರುವನ್ನೂ ಕೇಳಿ. ಅಲ್ಲಿ ಏನೇನೋ ಇರುತ್ತದೆ.

ಒಂಟಿ ಮನೆ:
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮದು ಸ್ವಂತ ಮನೆ, ನೆಲಮಹಡಿ ಮತ್ತು ಮೊದಲ ಮಹಡಿ. ಅಮ್ಮನಿಗೆ ತಾರಸಿ ಮೇಲೆ ಕೈತೋಟದ ಆಸೆ. ಕುಂಡ ಬೇಡ, ನೇರ ಮಣ್ಣು ಹಾಕಿಸೋಣ ಅಂತಿದ್ದೇವೆ. ಒಂದು ದೊಡ್ಡ ನೀರಿನ ಟ್ಯಾಂಕೂ ಬೇಕು. ಇಷ್ಟಕ್ಕೂ ಇಂಜಿನಿಯರ್ ಬೇಕಾ?

ಕಂಬಿ ಕಾಂಕ್ರೀಟ್:
ಬೇಕು. ಲೆಕ್ಕ ನೀವೇ ಹಾಕಿ ನೋಡಿ. ಜನ, ಮಂಚ, ಬೀರು ಎಲ್ಲಕ್ಕೂ ಸೇರಿಸಿ ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆಜಿ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ, ತಾರಸಿಗೆ ಇನ್ನೂ ಕಡಿಮೆ. ಒಂದು ಅಡಿ ಎತ್ತರ ಮಣ್ಣು ಹಾಕಿ ನೀರು ಹಾಯಿಸಿದರೆ ಚದರ ಮೀಟರಿಗೆ 500 ಕೆಜಿ ದಾಟುತ್ತದೆ. ಆ ಭಾರ ಹಗಲು ರಾತ್ರಿ ಅಲ್ಲೇ ಕೂತಿರುತ್ತದೆ. ಟ್ಯಾಂಕು 5,000 ಲೀಟರಿನದಾದರೆ ತುಂಬಿದಾಗ ನೀರೇ 5 ಟನ್. ಅದನ್ನು ಪಿಲ್ಲರುಗಳ ತಲೆಯ ಮೇಲೆ ಬೀಮು ಹಾಕಿ ಕೂರಿಸುವುದಕ್ಕೂ, ಸ್ಲ್ಯಾಬಿನ ನಡುಮಧ್ಯೆ ಇಟ್ಟಿಗೆ ಜೋಡಿಸಿ ಕೂರಿಸುವುದಕ್ಕೂ ಬಹಳ ವ್ಯತ್ಯಾಸ.

ಅಮ್ಮನ ಆಸೆಗೆ ಅಡ್ಡ ಬರುತ್ತಿಲ್ಲ. ಹಗುರ ಕುಂಡ, ತೆಂಗಿನ ನಾರಿನ ಪುಡಿ, ಪಿಲ್ಲರುಗಳ ಸಾಲಿನ ಮೇಲೇ ಜೋಡಣೆ. ಹೀಗೆ ಮಾಡಿದರೆ ಚೆನ್ನಾಗಿಯೇ ಬೆಳೆಸಬಹುದು. ಇಂಜಿನಿಯರ್ ಒಂದು ಸಲ ಬಂದು ನೋಡಿ ಹೇಳಲಿ.

ಮೂರನೇ ಮಹಡಿ:
ಎರಡು ದಿನ ಬರೆಯಲು ಮನಸ್ಸಾಗಲಿಲ್ಲ.

ಕಾಗದ ಪತ್ರ ಅವರು ಹೇಳಿದ ಹಾಗೆ ಹಳೆಯ ಖಜಾಂಚಿಯವರ ಮನೆಗೆ ಹೋಗಿ ಕೇಳಿದೆ. ಒಂದು ಫೈಲು ಕೊಟ್ಟರು. ಅದರೊಳಗೆ ಆರು ವರ್ಷದ ಹಿಂದಿನ ಇಂಜಿನಿಯರ್ ವರದಿ ಇತ್ತು. ನಾಲ್ಕೇ ಪುಟ. ಪಾರ್ಕಿಂಗ್ ಬೀಮುಗಳಲ್ಲಿ ತುಕ್ಕು ಶುರುವಾಗಿದೆ, ಬಚ್ಚಲಿನ ಸೋರಿಕೆ ಒಂದು ವರ್ಷದೊಳಗೆ ನಿಲ್ಲಿಸಬೇಕು, ಸಂಪಿನ ಪಕ್ಕದ ಪಿಲ್ಲರುಗಳನ್ನು ಪರೀಕ್ಷಿಸಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಇವತ್ತು ನಾನು ಇಲ್ಲಿ ಕೇಳುತ್ತಿರುವುದೆಲ್ಲ ಅದರಲ್ಲಿದೆ. ಆಗಿನ ಸಭೆಯ ಪುಸ್ತಕದಲ್ಲಿ ಒಂದೇ ಸಾಲು: ವರದಿ ಓದಲಾಯಿತು, ಮುಂದಿನ ಸಭೆಯಲ್ಲಿ ಚರ್ಚಿಸುವುದು. ಮುಂದಿನ ಸಭೆಯ ಪುಟದಲ್ಲಿ ಗೇಟಿನ ಬಣ್ಣದ ವಿಷಯ ಇದೆ.

ಆ ಸಭೆಗೆ ನಾನೂ ಹೋಗಿದ್ದೆ. ನನ್ನ ಸಹಿ ಇದೆ.

ಬಾಡಿಗೆ ಮನೆ:
ಮೇಡಂ, ಅದನ್ನು ಇಲ್ಲಿ ಬರೆದಿದ್ದಕ್ಕೆ ನಿಮ್ಮ ಮೇಲೆ ಗೌರವ ಹೆಚ್ಚಾಯಿತು. ನಿಮ್ಮಲ್ಲಿ ಮಾತ್ರ ಹೀಗಾಗಿಲ್ಲ. ದೊಡ್ಡ ದೊಡ್ಡ ಕುಸಿತಗಳ ಕಥೆ ಓದಿದಾಗಲೆಲ್ಲ ನನಗೆ ನಿದ್ದೆ ಕೆಡಿಸುವುದು ಇದೇ, ಮೊದಲೇ ಯಾರಿಗೋ ಗೊತ್ತಿತ್ತು ಅನ್ನುವುದು.

ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 12 ಮಹಡಿಯ ಶಾಂಪ್ಲೇನ್ ಟವರ್ಸ್ ಸೌತ್ ಕಟ್ಟಡದ ಅರ್ಧ ಭಾಗ 2021ರ ಜೂನ್ 24ರ ನಸುಕಿನಲ್ಲಿ, ಜನ ಮಲಗಿದ್ದಾಗಲೇ ಕುಸಿಯಿತು. 98 ಜನ ಹೋದರು. ಈಜುಕೊಳದ ಅಂಗಳದಲ್ಲಿ ನೀರು ತಡೆಯುವ ಪದರ ಕೆಟ್ಟಿದೆ, ಕೆಳಗಿನ ಸ್ಲ್ಯಾಬಿಗೆ ದೊಡ್ಡ ಹಾನಿಯಾಗಿದೆ ಅಂತ 2018ರಲ್ಲೇ ಇಂಜಿನಿಯರ್ ಬರೆದುಕೊಟ್ಟಿದ್ದರು. ಖರ್ಚಿನ ವಿಷಯಕ್ಕೆ ಮಾಲೀಕರಲ್ಲಿ ವರ್ಷಗಟ್ಟಲೆ ಎಳೆದಾಟ ನಡೆಯಿತು. ಆ ಸ್ಲ್ಯಾಬಿನ ದುರಸ್ತಿ ಶುರುವಾಗುವ ಮೊದಲೇ ಕಟ್ಟಡ ಹೋಯಿತು. ಕುಸಿತದ ಪೂರ್ತಿ ಕಾರಣ ಏನೇ ಇರಲಿ, ಆ ವರದಿ ಮೂರು ವರ್ಷ ಸಂಘದ ಕೈಯಲ್ಲಿತ್ತು.

ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡದ ಕಥೆ ಇನ್ನೂ ಸಂಕಟದ್ದು. 2013ರ ಏಪ್ರಿಲ್ 23ರಂದು ಬಿರುಕು ಕಂಡವು. ಕೆಳಗಿದ್ದ ಬ್ಯಾಂಕು ಮತ್ತು ಅಂಗಡಿಗಳು ಮುಚ್ಚಿದವು. ಮೇಲಿನ ಬಟ್ಟೆ ಕಾರ್ಖಾನೆಯ ಕೆಲಸಗಾರರನ್ನು ಮಾತ್ರ ಮರುದಿನ ಒಳಗೆ ಕಳಿಸಿದರು. ಅವತ್ತೇ ಕಟ್ಟಡ ಕುಸಿದು 1,134 ಜನ ಸತ್ತರು. ಒಂದೇ ಕಟ್ಟಡ, ಒಂದೇ ಬಿರುಕು. ಬಾರದೆ ಇರುವ ಅವಕಾಶ ಇದ್ದವರು ಉಳಿದರು.

ನಾನು ಬಾಡಿಗೆಗೆ ಇರುವವಳು, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ನಾನು ಮೊದಲಿದ್ದ ಕಟ್ಟಡದ ಬಾಲ್ಕನಿಗಳು ಅಪಾಯ ಅಂತ ಮಾಲೀಕರಿಗೆಲ್ಲ ಪತ್ರ ಬಂದಿತ್ತು. ನಮಗೆ ಯಾರೂ ಹೇಳಲಿಲ್ಲ. ನನ್ನ ಮಗು ದಿನಾ ಅದೇ ಬಾಲ್ಕನಿಯಲ್ಲಿ ಆಡುತ್ತಿತ್ತು. ಕಸ ತೆಗೆಯಲು ಬರುವವರಿಂದ ವಿಷಯ ಗೊತ್ತಾಯಿತು. ನಿಮ್ಮ 16 ಮನೆಯಲ್ಲಿ ಬಾಡಿಗೆಯವರು ಎಷ್ಟಿದ್ದಾರೆ? ದಯವಿಟ್ಟು ಅವರಿಗೂ ಸಭೆಗೆ ಬರಲು ಹೇಳಿ. ವರದಿಯ ಪ್ರತಿಯನ್ನು ಮೆಟ್ಟಿಲ ಬಳಿ ಅಂಟಿಸಿ.

ಮೂರನೇ ಮಹಡಿ:
ಏಳು ಮನೆ ಬಾಡಿಗೆಯವರು. ಇಲ್ಲಿಯವರೆಗೆ ಒಂದು ಸಭೆಗೂ ಕರೆದಿಲ್ಲ. ಇವತ್ತು ಸಂಜೆಯೇ ಹಳೆ ವರದಿಯ ನಾಲ್ಕೂ ಪುಟ ಲಿಫ್ಟಿನ ಪಕ್ಕ ಅಂಟಿಸುತ್ತೇನೆ.

ಪಿಂಚಣಿ ಮನೆ:
ನಾನು ಸ್ವಲ್ಪ ಬೇರೆ ಮಾತು ಆಡಬೇಕು. ಎಲ್ಲರೂ ದೊಡ್ಡ ದುರಂತಗಳನ್ನೇ ಹೇಳುತ್ತಿದ್ದೀರಿ. ಹಳೆ ಕಟ್ಟಡಗಳಲ್ಲಿ ಇರುವವರಲ್ಲಿ ನಮ್ಮಂಥ ಪಿಂಚಣಿಯವರು ಜಾಸ್ತಿ. ಇದ್ದಬದ್ದ ದುಡ್ಡೆಲ್ಲ ಆ ಮನೆಯಲ್ಲೇ ಹಾಕಿದ್ದೇವೆ. ದೊಡ್ಡ ಮೊತ್ತ ಒಂದೇ ಸಲ ಕೊಡಿ ಅಂದರೆ ಎಲ್ಲಿಂದ ತರುವುದು? ಸಭೆಯಲ್ಲಿ ಬೇಡ ಅನ್ನುವವರೆಲ್ಲ ಸುರಕ್ಷತೆ ಬೇಡ ಅನ್ನುವವರಲ್ಲ. ಕೊಡಲಾಗದೆ, ಕೊಡಲಾಗುವುದಿಲ್ಲ ಅಂತ ಹೇಳಲೂ ಆಗದೆ, ಗಾರೆ ಸಾಕು ಅನ್ನುತ್ತಾರೆ.

ಕಂಬಿ ಕಾಂಕ್ರೀಟ್:
ನಿಮ್ಮ ಮಾತು ನಿಜ ಸರ್. ನಮ್ಮ ಕಡೆಯವರ ತಪ್ಪೂ ಇದರಲ್ಲಿದೆ. ಎಷ್ಟೋ ವರದಿಗಳಲ್ಲಿ ನಲವತ್ತು ಕೆಲಸ ಒಂದೇ ಪಟ್ಟಿಯಲ್ಲಿ ಇರುತ್ತದೆ. ಕುಸಿಯಬಹುದಾದ ಬೀಮೂ ಅದರಲ್ಲೇ, ಕಾಂಪೌಂಡಿನ ಬಣ್ಣವೂ ಅದರಲ್ಲೇ. ಒಟ್ಟು ಮೊತ್ತ ನೋಡಿ ಯಾರಿಗಾದರೂ ಗಾಬರಿ ಆಗುತ್ತದೆ.

ಇಂಜಿನಿಯರ್ ಹತ್ತಿರ ಮೂರು ಭಾಗ ಮಾಡಿ ಕೊಡಿ ಅಂತ ಮೊದಲೇ ಕೇಳಿ. ಈಗಲೇ ಮಾಡಬೇಕಾದ್ದು, ಇಷ್ಟು ತಿಂಗಳೊಳಗೆ ಮಾಡಬೇಕಾದ್ದು, ಕಣ್ಣಿಟ್ಟು ನೋಡುತ್ತಿರಬೇಕಾದ್ದು. ನ್ಯೂಯಾರ್ಕಿನ ಹೊರಗೋಡೆ ಪರೀಕ್ಷೆಯಲ್ಲಿ ಸುರಕ್ಷಿತ, ಅಪಾಯಕರ ಎಂಬ ಎರಡರ ನಡುವೆ ಇನ್ನೊಂದು ದರ್ಜೆ ಇದೆ: ಹೇಳಿದ ಅವಧಿಯಲ್ಲಿ ದುರಸ್ತಿ ಮಾಡಿದರೆ ಸುರಕ್ಷಿತ. ಆ ನಡುವಿನ ದರ್ಜೆಯ ಕೆಲಸಕ್ಕೆ ಕಂತು ಕಟ್ಟಬಹುದು. ಮೊದಲ ಭಾಗಕ್ಕೆ ಕಂತು ನಡೆಯುವುದಿಲ್ಲ, ಆದರೆ ಬಹಳ ಸಲ ಅದು ಜನ ಹೆದರುವಷ್ಟು ದೊಡ್ಡದಿರುವುದಿಲ್ಲ. ಜಾಕಿ, ಸೋರಿಕೆ ನಿಲ್ಲಿಸುವುದು, ಎರಡು ಬೀಮು. ಹತ್ತು ವರ್ಷ ಬಿಟ್ಟರೆ ಅದೇ ಕೆಲಸ ಇಡೀ ಪಾರ್ಕಿಂಗಿನದಾಗುತ್ತದೆ.

ಪರೀಕ್ಷೆಗಳ ಬಗ್ಗೆಯೂ ಬರೆದುಬಿಡುತ್ತೇನೆ. ರೀಬೌಂಡ್ ಹ್ಯಾಮರ್ ಹಿಡಿದು ಅರ್ಧ ಗಂಟೆ ತಟ್ಟಿ ಕಟ್ಟಡ ಗಟ್ಟಿಯಾಗಿದೆ ಅಂತ ಬರೆದುಕೊಟ್ಟರೆ ನಂಬಬೇಡಿ. ಆ ಸುತ್ತಿಗೆ ಹೇಳುವುದು ಮೇಲ್ಮೈಯ ಗಡಸು ಮಾತ್ರ. ಅದರಿಂದ ಶಕ್ತಿ ಅಂದಾಜು ಮಾಡಿದರೆ ಶೇ. 25ರಷ್ಟು ಆಚೀಚೆ ಆಗಬಹುದು. ಕಾರ್ಬನ್ ಡೈಆಕ್ಸೈಡ್ ಇಳಿದ ಹಳೆ ಕಾಂಕ್ರೀಟಿನ ಮೇಲ್ಮೈ ಇನ್ನೂ ಗಡುಸಾಗಿರುತ್ತದೆ, ಹಾಗಾಗಿ ಕೆಟ್ಟ ಬೀಮು ಒಳ್ಳೆಯ ಅಂಕ ತೆಗೆದುಕೊಳ್ಳುತ್ತದೆ!

ಇದರ ಜೊತೆಗೆ ಶಬ್ದದ ಅಲೆ ಕಳಿಸಿ ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು. ಒಳಗೆ ಟೊಳ್ಳು ಇದ್ದರೆ ಅಲೆಯ ವೇಗ ಇಳಿಯುತ್ತದೆ. ಕಾಂಕ್ರೀಟ್ ಕೆತ್ತಿದ ಕಡೆ ಫಿನಾಲ್ಫ್ಥಲೀನ್ ಎಂಬ ರಾಸಾಯನಿಕ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹೋದ ಭಾಗ ಹಾಗೇ ಉಳಿಯುತ್ತದೆ. ಇದನ್ನು ಮಾಡುವಾಗ ಮಾಲೀಕರನ್ನೆಲ್ಲ ಕರೆದು ತೋರಿಸಿ. ಹತ್ತು ಸಭೆಯಲ್ಲಿ ಅರ್ಥವಾಗದ್ದು ಆ ಬಣ್ಣ ನೋಡಿದರೆ ಅರ್ಥವಾಗುತ್ತದೆ. ಕೊನೆಗೆ ಕೋರ್, ಅಂದರೆ ಕಾಂಕ್ರೀಟಿನ ದಿಂಡು ಕೊರೆದು ಪ್ರಯೋಗಾಲಯದಲ್ಲಿ ಒಡೆದು ನೋಡುವುದು. ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕನಿಷ್ಠ ಮೂರು ದಿಂಡುಗಳ ಸರಾಸರಿ ಬೇಕಾದ ಶಕ್ತಿಯ ಶೇ. 85 ಇರಬೇಕು, ಯಾವ ಒಂದೂ ಶೇ. 75ಕ್ಕಿಂತ ಕೆಳಗಿರಬಾರದು. ಎಲ್ಲಿ ಕೊರೆಯಬೇಕು ಅನ್ನುವುದನ್ನು ಇಂಜಿನಿಯರೇ ಗುರುತಿಸಬೇಕು, ಕಂಬಿ ಕತ್ತರಿಸಬಾರದು.

ಮೂರನೇ ಮಹಡಿ:
ಇನ್ನೊಂದು ತಲೆಬಿಸಿ. ಕೆಳಗಿನ ಅಂಗಡಿಯವರು ಒಳಗಿನ ಗೋಡೆಯೊಂದನ್ನು ಒಡೆಸಲು ಶುರು ಮಾಡಿದ್ದಾರೆ. ಬರೀ ಇಟ್ಟಿಗೆ ಗೋಡೆ, ಪಿಲ್ಲರಲ್ಲ ಅನ್ನುತ್ತಾರೆ.

ಗಾರೆ ಕೈ:
ಅಕ್ಕ, ಕೂಡಲೇ ನಿಲ್ಲಿಸಿ. ಗಾರೆಯ ಮೇಲಿಂದ ನೋಡಿದರೆ ನಮಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಗೋಡೆಯೊಳಗೆ ಪಿಲ್ಲರ್ ಮುಚ್ಚಿಕೊಂಡಿರುತ್ತದೆ.

ಕಂಬಿ ಕಾಂಕ್ರೀಟ್:
ಪಿಲ್ಲರ್ ಇಲ್ಲದ ಕಟ್ಟಡವಾದರೆ ಗೋಡೆಯೇ ಭಾರ ಹೊರುವುದು. ಪಿಲ್ಲರ್ ಇದ್ದರೂ, ಕೆಳಗೆ ಪಾರ್ಕಿಂಗಿಗೆ ಅಂತ ಖಾಲಿ ಬಿಟ್ಟ ಕಟ್ಟಡದಲ್ಲಿ ಇರುವ ನಾಲ್ಕು ಗೋಡೆ ಭೂಕಂಪದ ಹೊತ್ತಿಗೆ ಆಸರೆ. ನಕ್ಷೆ ನೋಡದೆ ಒಂದು ಇಟ್ಟಿಗೆಯೂ ಬೇಡ. ಮುಂಬೈಯ ಘಾಟ್ಕೋಪರ್‌ನಲ್ಲಿ 2017ರ ಜುಲೈಯಲ್ಲಿ ಕುಸಿದ ಕಟ್ಟಡದಲ್ಲಿ 17 ಜನ ಸತ್ತರು. ಆಗ ನೆಲಮಹಡಿಯಲ್ಲಿ ನವೀಕರಣದ ಕೆಲಸ ನಡೆಯುತ್ತಿತ್ತು. ಪಿಲ್ಲರುಗಳನ್ನೇ ಮುಟ್ಟಿದ್ದರು ಅನ್ನುವ ಆರೋಪದ ಮೇಲೆ ಕೇಸಾಯಿತು.

ದಕ್ಷಿಣ ಕೊರಿಯಾದ ಸೋಲ್ ನಗರದ ಸಾಂಪೂಂಗ್ ಮಳಿಗೆಯ ಕಥೆಯನ್ನು ಆ ಅಂಗಡಿಯವರಿಗೂ ಹೇಳಿ. ಮೊದಲು ಯೋಚಿಸಿದ್ದಕ್ಕಿಂತ ಒಂದು ಮಹಡಿ ಜಾಸ್ತಿ ಕಟ್ಟಿದರು. ಪಿಲ್ಲರುಗಳನ್ನು ಸಣ್ಣ ಮಾಡಿದರು. ಛಾವಣಿ ಮೇಲಿನ ಭಾರದ ಎಸಿ ಯಂತ್ರಗಳನ್ನು ಎಳೆದು ಜಾಗ ಬದಲಿಸಿದರು. ಒಂದೊಂದೂ ಮಾಡುವಾಗ ಸಣ್ಣ ಬದಲಾವಣೆ ಅಂತಲೇ ಕಂಡಿತ್ತು. 1995ರ ಜೂನ್ 29ರಂದು ಬೆಳಿಗ್ಗೆ ಬಿರುಕು ದೊಡ್ಡದಾಗಿದ್ದನ್ನು ಕಂಡು ಮೇಲಿನ ಮಹಡಿ ಮುಚ್ಚಿದರು. ಕೆಳಗಿನ ವ್ಯಾಪಾರ ನಿಲ್ಲಿಸಲಿಲ್ಲ. ಸಂಜೆ ಆರರ ಹೊತ್ತಿಗೆ ಕುಸಿದು 502 ಜನ ಸತ್ತರು.

ಕಾಗದ ಪತ್ರ:
ಅಂಗಡಿಯವರಿಗೆ ಸಂಘದಿಂದ ಇವತ್ತೇ ಪತ್ರ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಪಾಲಿಕೆಗೆ ದೂರು. ಬಾಯಿಮಾತಿನಲ್ಲಿ ಬಿಡಬೇಡಿ.

ಮೂರನೇ ಮಹಡಿ:
ಐದು ವಾರ ಆಯಿತು. ಕೇಳಿ ಸುಮ್ಮನಾಗುವುದು ಸರಿಯಲ್ಲ, ಏನಾಯಿತು ಅಂತ ಬರೆಯುತ್ತೇನೆ.

ಅಂಗಡಿಯವರು ನಿಲ್ಲಿಸಿದರು. ನಕ್ಷೆಯಲ್ಲಿ ಆ ಗೋಡೆಯೊಳಗೆ ಪಿಲ್ಲರ್ ಇಲ್ಲ, ಆದರೂ ಇಂಜಿನಿಯರ್ ಹೇಳುವ ತನಕ ಮುಟ್ಟುವುದಿಲ್ಲ ಅಂದರು.

ಸಭೆಗೆ ಬಾಡಿಗೆಯವರೂ ಬಂದರು. ಒಂದು ಹುಡುಗಿ ಹಳೆ ವರದಿಯನ್ನು ಜೋರಾಗಿ ಓದಿದಳು. ಯಾರೂ ಮಾತಾಡಲಿಲ್ಲ. ಆಮೇಲೆ ಗಾರೆ ಸಾಕು ಅಂದಿದ್ದ ಹಿರಿಯರೇ ಮೊದಲು ಕೈ ಎತ್ತಿದರು. ಅವರದು ನಿಜಕ್ಕೂ ದುಡ್ಡಿನ ತೊಂದರೆ. ಪಿಂಚಣಿ ಮನೆ ಸರ್, ನಿಮ್ಮ ಮಾತು ಓದದಿದ್ದರೆ ನಾನು ಅವರ ಜೊತೆ ಜಗಳ ಆಡುತ್ತಿದ್ದೆ. ಅವರಿಗೂ ಇನ್ನಿಬ್ಬರಿಗೂ ಸಂಘದಿಂದ 18 ಕಂತು ಮಾಡಿದ್ದೇವೆ.

ಮೂರು ದಿಂಡು ಕೊರೆಸಿದೆವು. ಹಳೆ ನಕ್ಷೆಯಲ್ಲಿ ಇದ್ದದ್ದು ಎಂ15 ಕಾಂಕ್ರೀಟ್, ಅಂದರೆ ಚದರ ಮಿಲಿಮೀಟರಿಗೆ 15 ನ್ಯೂಟನ್ ಶಕ್ತಿಯದು. ಫಲಿತಾಂಶ 14.2, 12.1, 13.4. ಸರಾಸರಿ ಶೇ. 88, ಕಡಿಮೆಯದು ಶೇ. 81. ದಾಟಿದೆ. ಗುಲಾಬಿ ಬಣ್ಣದ ಪರೀಕ್ಷೆಗೆ ಮಕ್ಕಳೂ ಸೇರಿದ್ದರು. ಬೀಮಿನಲ್ಲಿ 35 ಮಿಲಿಮೀಟರ್ ಆಳದ ತನಕ ಬಣ್ಣವೇ ಬರಲಿಲ್ಲ. ಕಂಬಿ ಇರುವುದು 25 ಮಿಲಿಮೀಟರಿನಲ್ಲಿ. ಇಂಜಿನಿಯರ್ ಏನೂ ವಿವರಿಸಬೇಕಾಗಲಿಲ್ಲ.

ಈಗಲೇ ಮಾಡಬೇಕಾದ ಪಟ್ಟಿಯಲ್ಲಿ ಮೂರು ಬೀಮು, ಸಂಪಿನ ಪಕ್ಕದ ಎರಡು ಪಿಲ್ಲರು, ಎರಡು ಬಚ್ಚಲು. ತಾರಸಿಯ ನೀರು ತಡೆ ಪದರ ಹತ್ತು ತಿಂಗಳೊಳಗೆ. ಉಳಿದ ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿದ್ದಾರೆ. ಗಾಜು ಸೀಳಿದರೆ ಬಿರುಕು ಬೆಳೆಯುತ್ತಿದೆ ಅಂತ ಅರ್ಥ. ಪ್ರತಿ ತಿಂಗಳ ಮೊದಲ ಭಾನುವಾರ ನೋಡಿ ಬರೆದಿಡುವ ಕೆಲಸ ನನ್ನದು.

ನಿನ್ನೆ ಜಾಕಿ ಕೊಟ್ಟರು. ಗಾರೆ ಕೈ ಅಣ್ಣ, ಫೋಟೊ ಹಾಕಿದ್ದೇನೆ, ಒಮ್ಮೆ ನೋಡಿ. ಎಷ್ಟು ದಿನ ಇರಬೇಕು?

ಗಾರೆ ಕೈ:
ಅಕ್ಕ, ತೆಗೆಯುವ ದಿನ ನಾನೂ ಹೇಳುವ ಹಾಗಿಲ್ಲ, ನಿಮ್ಮ ಕೆಲಸದವರೂ ಹೇಳುವ ಹಾಗಿಲ್ಲ. ಇಂಜಿನಿಯರ್ ಬರೆದುಕೊಡಬೇಕು. ಗಾಡಿ ನಿಲ್ಲಿಸಲು ಜಾಗ ಇಲ್ಲ ಅಂತ ಯಾರಾದರೂ ಒಂದೆರಡು ಸಡಿಲ ಮಾಡಬಹುದು, ಕಾವಲುಗಾರರಿಗೆ ಹೇಳಿಡಿ.

ಫೋಟೊದಲ್ಲಿ ಎಡಗಡೆಯ ಎರಡು ಜಾಕಿ ಸಂಪಿನ ಮುಚ್ಚಳದ ಪಕ್ಕದಲ್ಲೇ ನಿಂತಿವೆಯಲ್ಲ? ಅದರ ಕೆಳಗೆ ಗಟ್ಟಿ ನೆಲ ಇಲ್ಲ, ಸಂಪಿನ ಸ್ಲ್ಯಾಬು ಅದು. ಮೇಲಿನ ಭಾರ ಅಲ್ಲಿಗೆ ಬರುತ್ತದೆ. ಈಗಲೇ ಇಂಜಿನಿಯರ್‌ಗೆ ಫೋನ್ ಮಾಡಿ. ಅವರು ಬರುವ ತನಕ ಜಾಕಿ ಮುಟ್ಟಬೇಡಿ, ಅದರ ಹತ್ತಿರ ಯಾರನ್ನೂ ಬಿಡಬೇಡಿ.

ಮೂರನೇ ಮಹಡಿ:
ಫೋನ್ ಮಾಡಿದೆ. ಒಂದು ಗಂಟೆಯಲ್ಲಿ ಬಂದರು. ನೀವು ಹೇಳಿದ್ದು ಸರಿ. ಮೊದಲು ಗಟ್ಟಿ ನೆಲದ ಮೇಲೆ ಎರಡು ಹೊಸ ಜಾಕಿ, ಬುಡಕ್ಕೆ ದಪ್ಪ ಹಲಗೆ ಹಾಕಿ ಕೊಟ್ಟರು. ಆಮೇಲೆ ಸಂಪಿನ ಮೇಲಿನವನ್ನು ಇಳಿಸಿದರು. ಸಂಪನ್ನೂ ಖಾಲಿ ಮಾಡಿಸಿ ಒಳಗೆ ಇಳಿದು ನೋಡುತ್ತಾರಂತೆ, ಬುಧವಾರ.